ಗುಳಿಗೆಗೆ ಮುನ್ನ ಒಂದು ಚೂರು ಉಗುರು



ವೈದ್ಯಕೀಯದ ಒಂದು ವಿಷಯವನ್ನು ವೈದ್ಯರಲ್ಲದವರಿಗೂ ಅರ್ಥವಾಗುವಂತೆ ಕನ್ನಡದಲ್ಲಿ ಹೇಳಬೇಕೆಂಬುದು ಈ ದತ್ತಿ ಉಪನ್ಯಾಸದ ನಿಬಂಧನೆ. ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಇಂಥ ವಿಷಯಗಳನ್ನು ನಿರೀಕ್ಷಿಸಿ ಬಂದವರ ಮುಂದೆ ನಾನು ಕಾಲಿನ ಹೆಬ್ಬೆರಳ ಉಗುರನ್ನು ಇಡುತ್ತಿದ್ದೇನೆ. ಇಡೀ ವೃತ್ತಿಜೀವನವನ್ನು ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕಳೆದವಳು ನಾನು. ಉಗುರಿನಷ್ಟು ಬರೀ ಊಹೆಯ ಮೇಲೆ ಚಿಕಿತ್ಸೆ ಪಡೆಯುವ ಅಂಗ ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ಉಗುರು ದಪ್ಪಗಾಗಿದೆ, ಹಳದಿ ತಿರುಗಿದೆ, ತುದಿಯಲ್ಲಿ ಪುಡಿ ಉದುರುತ್ತಿದೆ ಎಂದರೆ ಸಾಕು, 'ಫಂಗಸ್ ಆಗಿದೆ' ಎಂಬ ತೀರ್ಪು ಬಂದುಬಿಡುತ್ತದೆ. ಅದರ ಹಿಂದೆಯೇ ಮೂರು ತಿಂಗಳು ನುಂಗಬೇಕಾದ ಗುಳಿಗೆಗಳ ಚೀಟಿ. ಆದರೆ ಹೀಗೆ ಕೆಟ್ಟು ಕಾಣುವ ಉಗುರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮಾತ್ರ ಶಿಲೀಂಧ್ರ ಕಾರಣ. ಉಳಿದ ಅರ್ಧ ಜನ ತಮಗಿಲ್ಲದ ರೋಗಕ್ಕೆ ಮದ್ದು ನುಂಗುತ್ತಾರೆ, ಇರುವ ರೋಗ ಹಾಗೇ ಉಳಿಯುತ್ತದೆ.

ಉಗುರಿನ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ನಾವು ಕತ್ತರಿಸುವ ಉಗುರು ಕೆರಾಟಿನ್ ಎಂಬ ಪ್ರೋಟೀನಿನ ನಿರ್ಜೀವ ಹಲಗೆ. ಕೂದಲು, ಕೊಂಬು, ಗೊರಸುಗಳೂ ಅದರಿಂದಲೇ ಆದವು. ಹಲಗೆ ತಯಾರಾಗುವ ಜೀವಂತ ಜಾಗ ಬುಡದ ಚರ್ಮದ ಮಡಿಕೆಯೊಳಗಿದೆ. ಹೆಬ್ಬೆರಳಿನ ಬುಡದಲ್ಲಿ ಕಾಣುವ ಬಿಳಿಯ ಅರ್ಧಚಂದ್ರ ಅದರ ಹೊರ ಅಂಚು. ಅಲ್ಲಿಂದ ಹೊರಟ ಉಗುರು ತನ್ನ ಕೆಳಗಿನ ಮೆತ್ತನೆಯ ಹಾಸಿನ ಮೇಲೆ ಜಾರುತ್ತಾ ತುದಿಗೆ ಸಾಗುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲುಗುರು ಅದರ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ. ಹೀಗಾಗಿ ಕೈಯುಗುರು ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು, ಕಾಲಿನ ಹೆಬ್ಬೆರಳಿಗೆ 12ರಿಂದ 18 ತಿಂಗಳು. ನಮ್ಮ ಹೆಣ್ಣುಮಕ್ಕಳಿಗೆ ಇದು ಗೊತ್ತಿರುವ ಸಂಗತಿಯೇ. ಆಷಾಢದಲ್ಲಿ ಕೈಗೆ ಹಾಕಿಕೊಂಡ ಗೋರಂಟಿ ಶ್ರಾವಣದ ಹೊತ್ತಿಗೆ ಬುಡದಲ್ಲಿ ಬಿಳಿ ಅಂಚು ಬಿಟ್ಟಿರುತ್ತದೆ, ದಸರೆಗೆ ತುದಿಯಲ್ಲಷ್ಟೇ ಉಳಿದಿರುತ್ತದೆ.

ಹೊರಗಿನಿಂದ ಹತ್ತಿದ ಬಣ್ಣಗಳೆಲ್ಲ ಹೀಗೆಯೇ. ಉಗುರಿನ ಜೊತೆಗೆ ಹೊರಗೆ ಸಾಗುತ್ತವೆ, ಅವುಗಳ ಹಿಂದಿನ ಅಂಚು ಬುಡದ ಚರ್ಮದ ಬಾಗನ್ನೇ ಅನುಸರಿಸಿರುತ್ತದೆ. ಅಡುಗೆಮನೆಯ ಅರಿಶಿನ, ಅಗ್ಗದ ನೈಲ್ ಪಾಲಿಶ್ ಬಿಟ್ಟ ಹಳದಿ, ಬೀಡಿ ಸಿಗರೇಟಿನ ಕಂದು ಇವೆಲ್ಲ ಬ್ಲೇಡಿನಿಂದ ಮೆಲ್ಲಗೆ ಕೆರೆದರೆ ಬಹುಮಟ್ಟಿಗೆ ಹೋಗುತ್ತವೆ. ಕಲ್ಲು ಎಡವಿ ಉಗುರಿನ ಅಡಿ ಕಟ್ಟಿದ ಕಪ್ಪು ರಕ್ತವೂ ತಿಂಗಳು ಕಳೆದಂತೆ ತುದಿಯತ್ತ ಸರಿಯುತ್ತದೆ. ಸಾಮಾನ್ಯ ಬಗೆಯ ಶಿಲೀಂಧ್ರ ಮಾತ್ರ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ. ತುದಿಯಲ್ಲೋ ಪಕ್ಕದ ಅಂಚಿನಲ್ಲೋ, ಉಗುರು ಹಾಸನ್ನು ಬಿಡುವ ಜಾಗದಲ್ಲಿ ಒಳಹೊಕ್ಕು, ಉಗುರು ಮತ್ತು ಹಾಸಿನ ನಡುವೆ ಬುಡದ ಕಡೆಗೆ ಮುಂದುವರಿಯುತ್ತದೆ. ಉಗುರು ಹೊರಗೆ ತಳ್ಳುತ್ತಿರುತ್ತದೆ, ಇದು ಒಳಗೆ ನುಗ್ಗುತ್ತಿರುತ್ತದೆ. ಕೈಯುಗುರಿಗಿಂತ ಕಾಲುಗುರಿಗೆ, ಹುಡುಗರಿಗಿಂತ ಮುದುಕರಿಗೆ ಈ ರೋಗ ಹೆಚ್ಚು ಬರುವುದಕ್ಕೆ ಇದೂ ಒಂದು ಕಾರಣ. ನಿಧಾನವಾಗಿ ಬೆಳೆಯುವ ಉಗುರು ಶಿಲೀಂಧ್ರವನ್ನು ಹೊರದೂಡಲಾರದು.

ಹಾಗಾಗಿ ಉಗುರು ಕೆಟ್ಟಿದೆ ಎಂದು ಬಂದವರನ್ನು ನಾನು ಮೊದಲು ಕೇಳುವ ಪ್ರಶ್ನೆ: ಎಲ್ಲಿಂದ ಶುರುವಾಯಿತು? ಒಂದು ಕಾಲಿನ ಒಂದೆರಡು ಉಗುರು, ತುದಿಯಿಂದ ಶುರು, ಅಡಿಯಲ್ಲಿ ಸುಣ್ಣದ ಪುಡಿಯಂಥ ಕಸ, ಹಳದಿ ಗೆರೆಗಳು ಮೊನಚಾಗಿ ಬುಡದ ಕಡೆ ಚಾಚಿರುವುದು, ಇವಿದ್ದರೆ ಶಿಲೀಂಧ್ರದ ಸಂಶಯ ಬಲವಾಗುತ್ತದೆ. ಆಮೇಲೆ ಚಪ್ಪಲಿ ಬಿಡಿಸಿ ಪಾದ ನೋಡಬೇಕು. ಬೆರಳ ಸಂದಿಯಲ್ಲಿ ಬೆಳ್ಳಗೆ ನೆಂದ ಚರ್ಮ, ಅಂಗಾಲಿನಲ್ಲಿ ಒಣ ಹೊಟ್ಟು ಇದ್ದರೆ ರೋಗ ಬಹುತೇಕ ಅಲ್ಲಿಂದಲೇ ಉಗುರಿಗೆ ಹತ್ತಿರುತ್ತದೆ. ಎರಡೂ ಪಾದ ಮತ್ತು ಒಂದೇ ಒಂದು ಕೈ ಹೀಗೆ ಹೊಟ್ಟೆದ್ದಿದ್ದರೆ ಕಾಲು ಕೆರೆದುಕೊಳ್ಳುವ ಕೈ ಯಾವುದೆಂದು ಕೇಳಿ ನೋಡಿ, ಸಾಮಾನ್ಯವಾಗಿ ಅದೇ ಕೈ ಆಗಿರುತ್ತದೆ. ತೊಡೆಸಂದಿಯ ಗಜಕರ್ಣವನ್ನು ಕೇಳದೆ ಬಿಡಬಾರದು. ಸಂಕೋಚದಿಂದ ಜನ ಅದನ್ನು ಹೇಳುವುದಿಲ್ಲ.

ಶಿಲೀಂಧ್ರವಲ್ಲದ ಉಗುರುಗಳೂ ತಮ್ಮದೇ ಗುರುತು ಬಿಟ್ಟಿರುತ್ತವೆ. ಸೋರಿಯಾಸಿಸ್ ಆದವರ ಉಗುರಿನ ಮೇಲೆ ಸೂಜಿಮೊನೆಯಿಂದ ಚುಚ್ಚಿದಂಥ ಸಣ್ಣ ಗುಳಿಗಳು, ಅಡಿಯಲ್ಲಿ ಎಣ್ಣೆ ಬಿದ್ದ ಕಾಗದದಂಥ ಕಲೆ ಕಾಣುತ್ತವೆ. ತಲೆಯಲ್ಲಿ, ಮೊಣಕೈಯಲ್ಲಿ ಹೊಟ್ಟು ಇದೆಯೇ ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಆದರೆ ಸೋರಿಯಾಸಿಸ್ ಉಗುರಿಗೆ ಶಿಲೀಂಧ್ರವೂ ಹತ್ತಬಹುದು, ಒಂದು ಕಂಡಿತೆಂದು ಇನ್ನೊಂದನ್ನು ಬಿಡುವಂತಿಲ್ಲ. ಲೈಕೆನ್ ಪ್ಲೇನಸ್ ಎಂಬ ಚರ್ಮರೋಗದಲ್ಲಿ ಉಗುರು ತೆಳ್ಳಗಾಗಿ, ಸೀಳಿ, ಬುಡದ ಚರ್ಮ ಉಗುರಿನ ಮೇಲೆ ಬೆಳೆದು ಅಂಟಿಕೊಳ್ಳುತ್ತದೆ. ತಡಮಾಡಿದರೆ ಆ ಉಗುರು ಮತ್ತೆ ಬರುವುದೇ ಇಲ್ಲ. ಇಪ್ಪತ್ತೂ ಉಗುರುಗಳು ಒಟ್ಟಿಗೆ ಒರಟಾದರೆ ಶಿಲೀಂಧ್ರದ ಸಾಧ್ಯತೆ ತೀರಾ ಕಡಿಮೆ. ಹಸಿರು ತಿರುಗಿದ್ದರೆ ಸುಡೋಮೊನಾಸ್ ಎಂಬ ಬ್ಯಾಕ್ಟೀರಿಯಾವನ್ನು ನೆನೆಯಬೇಕು. ಮಕ್ಕಳ ಉಗುರಿನ ಬಿಳಿ ಚುಕ್ಕೆ ಕ್ಯಾಲ್ಸಿಯಂ ಕೊರತೆಯೂ ಅಲ್ಲ, ಫಂಗಸ್ಸೂ ಅಲ್ಲ, ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಫಲ. ಬಿಗಿಯಾದ ಷೂ ತುದಿಗೆ ಹೆಬ್ಬೆರಳು ದಿನವಿಡೀ ಗುದ್ದುತ್ತಿದ್ದರೆ ಉಗುರು ಎದ್ದು, ದಪ್ಪಗಾಗಿ, ನೋಡುವವರಿಗೆ ಥೇಟ್ ಫಂಗಸ್ಸಿನಂತೆಯೇ ಕಾಣುತ್ತದೆ. ಪೆಟ್ಟಿನಿಂದ ಒರಟಾಗಿ ಕಪ್ಪಾದ ಉಗುರನ್ನು ಸುಶ್ರುತ ಸಂಹಿತೆ ಕುನಖ ಎಂದು ಹೆಸರಿಸಿ ಸಣ್ಣ ರೋಗಗಳ ಸಾಲಿನಲ್ಲಿ ಸೇರಿಸಿದೆ. ಪೆಟ್ಟನ್ನು ಕಾರಣವಾಗಿ ಗುರುತಿಸಿದ ಆ ಹಳೆಯ ಕಣ್ಣು ಇಂದಿನ ತರಾತುರಿಯ ತಪಾಸಣೆಯಲ್ಲಿ ಎಷ್ಟೋ ಸಲ ಕಾಣೆಯಾಗಿರುತ್ತದೆ.

ಇನ್ನೊಂದನ್ನು ಒತ್ತಿ ಹೇಳಬೇಕು. ಒಂದೇ ಉಗುರಿನಲ್ಲಿ ಉದ್ದಕ್ಕೆ ಕಪ್ಪು ಪಟ್ಟಿ ಎದ್ದು, ಅಗಲವಾಗುತ್ತಾ, ಬಣ್ಣ ಬುಡದ ಚರ್ಮಕ್ಕೂ ಹರಡಿದರೆ ಅದು ಮೆಲನೋಮ ಎಂಬ ಕ್ಯಾನ್ಸರ್ ಆಗಿರಬಹುದು. ನಮ್ಮ ಮೈಬಣ್ಣದವರಲ್ಲಿ ಈ ಕ್ಯಾನ್ಸರ್ ಅಂಗೈ, ಅಂಗಾಲು, ಉಗುರುಗಳಲ್ಲೇ ಕಾಣಿಸಿಕೊಳ್ಳುವುದು ಹೆಚ್ಚು. ಕಪ್ಪು ಪಟ್ಟಿಗಳಲ್ಲಿ ಬಹುಪಾಲು ನಿರಪಾಯಕಾರಿ ನಿಜ. ಆದರೆ ಹರಡುತ್ತಿರುವ ಪಟ್ಟಿಗೆ ಫಂಗಸ್ ಔಷಧ ಹಚ್ಚುತ್ತಾ ತಿಂಗಳು ಕಳೆಯುವುದು ಜೀವಕ್ಕೇ ಅಪಾಯ.

ಮತ್ತೆ ಶಿಲೀಂಧ್ರಕ್ಕೆ ಬರೋಣ. ಪ್ರಾಣಿಗಳ ರೋಗಕ್ಕೆ ಶಿಲೀಂಧ್ರ ಕಾರಣವಾಗಬಹುದೆಂಬ ಅರಿವು ಮನುಷ್ಯನಿಗೆ ಬಂದದ್ದು ರೇಷ್ಮೆಹುಳುವಿನಿಂದ. ಇಟಲಿಯ ಲೋಡಿ ಪ್ರಾಂತದ ಅಗಸ್ಟೀನೊ ಬಾಸ್ಸಿ, ಹುಳುಗಳು ಸತ್ತು ಬೆಳ್ಳಗೆ ಸುಣ್ಣ ಬಳಿದಂತಾಗುವ ರೋಗಕ್ಕೆ ಶಿಲೀಂಧ್ರವೇ ಮೂಲವೆಂದು 1835ರಲ್ಲಿ ಪ್ರಕಟಿಸಿದ. ರಾಮನಗರ, ಶಿಡ್ಲಘಟ್ಟದ ಕಡೆಯ ನಮ್ಮ ರೇಷ್ಮೆ ಬೆಳೆಗಾರರು ಅದನ್ನು ಸುಣ್ಣಕಟ್ಟು ರೋಗ ಎನ್ನುತ್ತಾರೆ. ಬಾಸ್ಸಿಯ ಮಾತನ್ನು ಓದಿದ ಶೋನ್ಲೈನ್ 1839ರಲ್ಲಿ ಮನುಷ್ಯನ ತಲೆಚರ್ಮದ ರೋಗವೊಂದರಲ್ಲಿ ಶಿಲೀಂಧ್ರವಿದೆ ಎಂದು ತಿಳಿಸಿದ. ಪ್ಯಾರಿಸ್ಸಿನ ಗ್ರೂಬಿ 1841ರಿಂದ ಒಂದೊಂದಾಗಿ ಇಂಥ ರೋಗಗಳ ಶಿಲೀಂಧ್ರಗಳನ್ನು ವಿವರಿಸುತ್ತಾ ಹೋದ. 1853ರಲ್ಲಿ ಮೈಸ್ನರ್ ಉಗುರಿನೊಳಗಿನ ಶಿಲೀಂಧ್ರದ ಎಳೆಗಳನ್ನು ಕಂಡ. ಪಾಶ್ಚರ್ ಮತ್ತು ಕಾಖ್ ಬ್ಯಾಕ್ಟೀರಿಯಾಗಳ ಬೆನ್ನು ಹತ್ತುವುದಕ್ಕೂ ಮೊದಲೇ ನಡೆದದ್ದು ಇದು. ಬಳಿಕ ಬ್ಯಾಕ್ಟೀರಿಯಾಗಳೇ ಎಲ್ಲರ ಗಮನ ಸೆಳೆದು ಶಿಲೀಂಧ್ರಗಳು ಹಿಂದೆ ಬಿದ್ದವು. ಈಗಲೂ ನಮ್ಮ ಎಂಬಿಬಿಎಸ್ ತರಗತಿಗಳಲ್ಲಿ ಅವುಗಳಿಗೆ ಸಿಗುವ ಗಂಟೆಗಳು ಕಡಿಮೆ.

ಉಗುರನ್ನು ಹಾಳುಮಾಡುವ ಶಿಲೀಂಧ್ರಗಳಲ್ಲಿ ಮೂರು ಬಗೆ. ಮೊದಲನೆಯವು ಕೆರಾಟಿನ್ ತಿಂದು ಬದುಕುವ ಡರ್ಮಟೊಫೈಟುಗಳು. ಗಜಕರ್ಣ ತರುವುದೂ ಇವೇ. ಇವುಗಳಲ್ಲಿ ಟ್ರೈಕೊಫೈಟನ್ ರುಬ್ರಮ್ ಎಂಬುದು ಜಗತ್ತಿನಾದ್ಯಂತ ಉಗುರು ರೋಗಕ್ಕೆ ಮೊದಲ ಕಾರಣ. ಕೊಲಂಬೊದಲ್ಲಿ ಕೆಲಸ ಮಾಡುತ್ತಿದ್ದ ಇಟಲಿಯ ವೈದ್ಯ ಕ್ಯಾಸ್ಟೆಲಾನಿ 1910ರಲ್ಲಿ ಇದನ್ನು ವಿವರಿಸಿದ. ಯುದ್ಧಗಳು, ವಲಸೆ, ದಿನವಿಡೀ ಮುಚ್ಚಿದ ಷೂ ಇವುಗಳ ಬೆನ್ನೇರಿ 20ನೇ ಶತಮಾನದಲ್ಲಿ ಇದು ಎಲ್ಲೆಡೆ ಹರಡಿತು. ಎರಡನೆಯದು ಕ್ಯಾಂಡಿಡಾ ಎಂಬ ಯೀಸ್ಟು. ಸದಾ ನೀರಿನಲ್ಲಿ ಕೈಯಿಟ್ಟಿರುವವರ, ಅಂದರೆ ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ, ಮೀನು ಹೆಚ್ಚುವವರ ಕೈಯುಗುರುಗಳಲ್ಲಿ ಇದನ್ನು ಹೆಚ್ಚಾಗಿ ನೋಡುತ್ತೇವೆ. ಅವರಲ್ಲಿ ಉಗುರಿನ ಬುಡದ ಚರ್ಮ ಊದಿ ಉಗುರುಸುತ್ತಾಗಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಅಂಥ ಹಳೆಯ ಉಗುರುಸುತ್ತಿಗೆ ಮೂಲ ಕಾರಣ ಸಾಬೂನು, ಸೋಡ, ನೀರುಗಳು ಚರ್ಮವನ್ನು ಕೆರಳಿಸುವುದೇ. ಕ್ಯಾಂಡಿಡಾ ಬಹುಮಟ್ಟಿಗೆ ಆಮೇಲೆ ಬಂದು ಸೇರಿಕೊಂಡದ್ದು ಎಂದು ಈಗ ತಿಳಿಯಲಾಗಿದೆ. ಕೈ ಒಣಗಿಸದೆ ಗುಳಿಗೆ ಮಾತ್ರ ಕೊಟ್ಟರೆ ಅಂಥವರಿಗೆ ಗುಣವಾಗುವುದಿಲ್ಲ. ಮೂರನೆಯವು ಮಣ್ಣಿನಲ್ಲಿ, ಗಿಡದಲ್ಲಿ, ಗಾಳಿಯಲ್ಲಿ ಎಲ್ಲೆಲ್ಲೂ ಇರುವ ಬೂಷ್ಟುಗಳು: ಸ್ಕೊಪುಲಾರಿಯಾಪ್ಸಿಸ್, ಫ್ಯುಸೇರಿಯಮ್, ಆಸ್ಪರ್ಜಿಲಸ್, ನಿಯೊಸೈಟಾಲಿಡಿಯಮ್. ಈ ಕೊನೆಯದು ಮಾವು, ನಿಂಬೆ ಜಾತಿಯ ಮರಗಳಿಗೂ ರೋಗ ತರುತ್ತದೆ. ನಮ್ಮಂಥ ಬಿಸಿನಾಡಿನಲ್ಲಿ ತೋಟದ ಮಣ್ಣು ತುಳಿಯುವವರ ಕಾಲುಗುರಿಗೆ ಅದು ಹತ್ತಬಲ್ಲದು. ಸಾಮಾನ್ಯವಾಗಿ ಕೊಡುವ ಗುಳಿಗೆಗಳಿಗೆ ಸುಲಭವಾಗಿ ಬಗ್ಗುವುದಿಲ್ಲ.

ಮೂರರಲ್ಲಿ ಯಾವುದು ಎಂಬುದು ಕಣ್ಣಳತೆಗೆ ಸಿಗದು, ಉಗುರಿನ ಚೂರು ಪ್ರಯೋಗಾಲಯಕ್ಕೆ ಹೋಗಲೇಬೇಕು. ಇಲ್ಲೇ ಹೆಚ್ಚು ಎಡವಟ್ಟಾಗುವುದು. ತುದಿಯಲ್ಲಿ ಉದ್ದ ಬೆಳೆದ ಭಾಗವನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿ ಕಳಿಸಿಬಿಡುತ್ತಾರೆ. ಶಿಲೀಂಧ್ರ ಹೊಕ್ಕದ್ದು ತುದಿಯಿಂದಲೇ ಆದರೂ ಅದು ಈಗ ಜೀವಂತವಾಗಿರುವುದು ಮುನ್ನುಗ್ಗುತ್ತಿರುವ ಒಳ ಅಂಚಿನಲ್ಲಿ. ಮರದ ತೊಲೆಯಲ್ಲಿ ಗೆದ್ದಲು ತಿಂದು ಬಿಟ್ಟುಹೋದ ಮಣ್ಣಿನ ಗೂಡನ್ನು ಒಡೆದು ಗೆದ್ದಲಿಲ್ಲ ಎಂದರೆ ಹೇಗೋ, ತುದಿಯ ಚೂರು ನೋಡಿ ಶಿಲೀಂಧ್ರವಿಲ್ಲ ಎನ್ನುವುದೂ ಹಾಗೆ. ಸ್ಪಿರಿಟ್ ಹಚ್ಚಿ ಉಗುರನ್ನು ಒರೆಸಿ, ಹಾಸಿನಿಂದ ಬಿಟ್ಟು ನಿಂತ ಭಾಗವನ್ನು ನೋವಾಗದಷ್ಟು ಹಿಂದಕ್ಕೆ ಕತ್ತರಿಸಿ ತೆಗೆದು, ರೋಗದ ಉಗುರು ಮತ್ತು ಒಳ್ಳೆಯ ಉಗುರು ಕೂಡುವ ಗಡಿಯ ಅಡಿಯಿಂದ ಪುಡಿಯನ್ನು ಕೆರೆದು ತೆಗೆಯಬೇಕು. ಮೊದಲು ಉದುರುವ ಹೊರಗಿನ ಪುಡಿ ಬೇಡ, ಅದರಲ್ಲಿ ರಸ್ತೆಯ ಧೂಳಿನ ಬೂಷ್ಟೆಲ್ಲ ಇರುತ್ತದೆ. ಒಳಗಿನದೇ ಬೇಕು, ಸಾಕಷ್ಟು ಬೇಕು. ಉಗುರಿನ ಮೇಲ್ಮೈ ಮಾತ್ರ ಬೆಳ್ಳಗೆ ಪುಡಿಯಾಗಿದ್ದರೆ ಮೇಲಿನಿಂದ ಕೆರೆದರೆ ಆಯಿತು. ಅಪರೂಪಕ್ಕೆ ರೋಗ ಬುಡದಲ್ಲೇ ಬಿಳಿ ಮಚ್ಚೆಯಾಗಿ ಶುರುವಾಗುವುದುಂಟು. ಅಂಥದ್ದನ್ನು ಕಂಡರೆ ಎಚ್‌ಐವಿಯೂ ಸೇರಿದಂತೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾರಣಗಳಿವೆಯೇ ಎಂದು ವೈದ್ಯರು ಯೋಚಿಸಬೇಕಾಗುತ್ತದೆ. ಪರೀಕ್ಷೆಗೆ ಮುಂಚಿನ ವಾರಗಳಲ್ಲಿ ಫಂಗಸ್ ಕ್ರೀಮು, ಗುಳಿಗೆ ಬಳಸಿದ್ದರೆ ಮರೆಯದೆ ಹೇಳಿ. ಔಷಧದ ನೆರಳು ಬಿದ್ದ ಉಗುರಿನಲ್ಲಿ ಶಿಲೀಂಧ್ರ ಬೆಳೆಯುವುದು ಕಷ್ಟ.

ಪ್ರಯೋಗಾಲಯದ ಮೊದಲ ಪರೀಕ್ಷೆ ಬಹಳ ಸರಳ. ಉಗುರಿನ ಪುಡಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಕಾಯಬೇಕು. ಚರ್ಮದ ಹೊಟ್ಟಿಗೆ ಶೇಕಡ 10ರ ದ್ರಾವಣ ಸಾಕು, ಉಗುರು ಗಟ್ಟಿ, ಅದಕ್ಕೆ ಶೇಕಡ 20ರಿಂದ 40ರವರೆಗೆ ಬೇಕಾಗುತ್ತದೆ. ಕ್ಷಾರ ಕೆರಾಟಿನ್ನನ್ನು ಕರಗಿಸಿ ತಿಳಿಯಾಗಿಸುತ್ತದೆ, ಶಿಲೀಂಧ್ರದ ಗೋಡೆ ಮಾತ್ರ ಕರಗದೆ ಉಳಿಯುತ್ತದೆ. ಆಗ ಮೈಕ್ರೋಸ್ಕೋಪಿನಲ್ಲಿ ಕವಲೊಡೆದ, ನಡುನಡುವೆ ಅಡ್ಡಗೋಡೆಗಳಿರುವ ಎಳೆಗಳು ಕಾಣುತ್ತವೆ. ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದುದು ಒಂದೇ: ಅವಸರ ಬೇಡ. ಸರಿಯಾಗಿ ಕರಗದ ಉಗುರನ್ನು ಐದು ನಿಮಿಷ ನೋಡಿ ನೆಗೆಟಿವ್ ಬರೆಯುವುದಕ್ಕಿಂತ ಸಂಜೆ ಇಟ್ಟು ಮರುದಿನ ಬೆಳಿಗ್ಗೆ ನೋಡುವುದು ಮೇಲು. ಈ ಪರೀಕ್ಷೆ ಶಿಲೀಂಧ್ರ ಇದೆಯೋ ಇಲ್ಲವೋ ಎಂಬುದನ್ನು ಹೇಳುತ್ತದೆ, ಅದು ಯಾವುದೆಂದು ಹೇಳುವುದಿಲ್ಲ.

ಯಾವುದೆಂದು ತಿಳಿಯಲು ಕಲ್ಚರ್ ಮಾಡಬೇಕು, ಅಂದರೆ ಟ್ಯೂಬಿನಲ್ಲಿ ಬೆಳೆಸಿ ನೋಡಬೇಕು. ಪ್ಯಾರಿಸ್ಸಿನ ಚರ್ಮವೈದ್ಯ ಸಬುರೊ ರೂಪಿಸಿದ ಅಗಾರ್ ಎಂಬ ಬೆಳೆಮಾಧ್ಯಮ ಇಂದಿಗೂ ನಮ್ಮ ಟ್ಯೂಬುಗಳಲ್ಲಿದೆ. ಬ್ಯಾಕ್ಟೀರಿಯಾ ಬೆಳೆಯದಂತೆ ಅದಕ್ಕೆ ಕ್ಲೋರಾಂಫೆನಿಕಾಲ್ ಸೇರಿಸುತ್ತೇವೆ, ಗಾಳಿಯ ಬೂಷ್ಟು ತಡೆಯಲು ಸೈಕ್ಲೊಹೆಕ್ಸಿಮೈಡ್. ಈ ಎರಡನೆಯದು ಬೇಡದ ಬೂಷ್ಟಿನ ಜೊತೆಗೆ ಉಗುರಿನ ನಿಜವಾದ ರೋಗಕಾರಕವಾದ ಸ್ಕೊಪುಲಾರಿಯಾಪ್ಸಿಸ್, ನಿಯೊಸೈಟಾಲಿಡಿಯಮ್‌ಗಳನ್ನೂ ಅಡಗಿಸಿಬಿಡುತ್ತದೆ. ಆದ್ದರಿಂದ ಅದಿರುವ ಟ್ಯೂಬು ಒಂದು, ಇಲ್ಲದ ಟ್ಯೂಬು ಒಂದು, ಎರಡರಲ್ಲೂ ಬಿತ್ತಬೇಕು. ಖರ್ಚು ಉಳಿಸಲು ಸೈಕ್ಲೊಹೆಕ್ಸಿಮೈಡ್ ಇರುವ ಒಂದೇ ಟ್ಯೂಬಿನಲ್ಲಿ ಮುಗಿಸುವ ಪ್ರಯೋಗಾಲಯಕ್ಕೆ ಇಂಥ ಬೂಷ್ಟು ಸಿಗುವುದಿಲ್ಲ. ಕ್ಯಾಂಡಿಡಾ ಎರಡು ಮೂರು ದಿನದಲ್ಲಿ ಕೆನೆಯಂತೆ ಬೆಳೆದುಬಿಡುತ್ತದೆ. ಡರ್ಮಟೊಫೈಟಿಗೆ ವಾರಗಳು ಬೇಕು, ನಾಲ್ಕು ವಾರ ಕಾಯದೆ ಬೆಳೆಯಲಿಲ್ಲ ಎನ್ನುವಂತಿಲ್ಲ. ರುಬ್ರಮ್ ಮೇಲೆ ಬಿಳಿ ಹತ್ತಿಯಂತೆ ಹಬ್ಬಿ ಅಡಿಯಲ್ಲಿ ದ್ರಾಕ್ಷಾರಸದ ಕೆಂಪು ತಾಳುತ್ತದೆ. ಆ ಕೆಂಪಿನಿಂದಲೇ ಅದಕ್ಕೆ ಆ ಹೆಸರು. ಎಷ್ಟು ಎಚ್ಚರ ವಹಿಸಿದರೂ ರೋಗವಿದ್ದ ಉಗುರುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಕಲ್ಚರಿನಲ್ಲಿ ಬೆಳೆಯದೇ ಹೋಗಬಹುದು. ಸಂಶಯ ಬಲವಾಗಿದ್ದು ಉತ್ತರ ನೆಗೆಟಿವ್ ಬಂದರೆ ಇನ್ನೊಮ್ಮೆ ಮಾದರಿ ತೆಗೆಯಬೇಕು, ಇಲ್ಲವೇ ಕತ್ತರಿಸಿದ ಉಗುರನ್ನು ಪ್ಯಾಥಾಲಜಿಗೆ ಕಳಿಸಿ ಪಿಎಎಸ್ ಬಣ್ಣ ಹಾಕಿಸಬೇಕು. ಆ ಬಣ್ಣದಲ್ಲಿ ಎಳೆಗಳು ಗಾಢ ಗುಲಾಬಿಯಾಗಿ ಎದ್ದು ಕಾಣುತ್ತವೆ. ದೊಡ್ಡ ಊರುಗಳಲ್ಲಿ ಪಿಸಿಆರ್ ಕೂಡ ಬಂದಿದೆ. ಅದು ಬೇಗ ಉತ್ತರ ಕೊಡುತ್ತದೆ, ಆದರೆ ಸತ್ತ ಶಿಲೀಂಧ್ರದ ಡಿಎನ್‌ಎಯನ್ನೂ ಇದೆ ಎಂದೇ ತೋರಿಸುತ್ತದೆ.

ಬೂಷ್ಟು ಬೆಳೆದಾಗ ತೀರ್ಮಾನ ಇನ್ನೂ ಕಷ್ಟ. ಅದು ರೋಗದ್ದೋ ಧೂಳಿನದ್ದೋ? ಬ್ರಿಟನ್ನಿನ ಶಿಲೀಂಧ್ರ ತಜ್ಞೆ ಮೇರಿ ಇಂಗ್ಲಿಷ್ 1976ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು. ಡರ್ಮಟೊಫೈಟ್ ಬೆಳೆದರೆ ಅದನ್ನೇ ಕಾರಣವೆಂದು ಒಪ್ಪಬೇಕು. ಬೂಷ್ಟು ಬೆಳೆದರೆ ಮೈಕ್ರೋಸ್ಕೋಪಿನಲ್ಲೂ ಎಳೆಗಳು ಕಂಡಿರಬೇಕು, ಜೊತೆಗೆ ಬಿತ್ತಿದ 20 ಚೂರುಗಳಲ್ಲಿ ಕನಿಷ್ಠ 5ರಲ್ಲಿ ಅದೇ ಬೂಷ್ಟು ಎದ್ದಿರಬೇಕು. ಈಗ ಹೆಚ್ಚಿನವರು ಬೇರೆ ಬೇರೆ ದಿನ ತೆಗೆದ ಮಾದರಿಗಳಲ್ಲಿ ಅದೇ ಮತ್ತೆ ಮತ್ತೆ ಬರುತ್ತದೆಯೇ ಎಂದು ನೋಡುತ್ತಾರೆ. ಒಮ್ಮೆ ಬೆಳೆದ ಆಸ್ಪರ್ಜಿಲಸ್ಸಿನ ವರದಿ ಹಿಡಿದು ಚಿಕಿತ್ಸೆ ಶುರುಮಾಡುವುದು ತಪ್ಪು.

ಉಗುರಿನ ಸಣ್ಣ ತೊಂದರೆಗೆ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಗುಳಿಗೆಯ ಕಾರಣಕ್ಕೆ. ಟರ್ಬಿನಫಿನ್ 250 ಮಿಲಿಗ್ರಾಂ ಗುಳಿಗೆಯನ್ನು ಕೈಯುಗುರಿಗೆ ಆರು ವಾರ, ಕಾಲುಗುರಿಗೆ ಹನ್ನೆರಡು ವಾರ ದಿನವೂ ನುಂಗಬೇಕು. ಒಳ್ಳೆಯ ಔಷಧ, ಆದರೆ ಯಕೃತ್ತಿನ ಮೇಲೆ ಕಣ್ಣಿಡಬೇಕಾಗುತ್ತದೆ. ಇಟ್ರಾಕೊನಜೋಲನ್ನು ಹೃದಯ ದುರ್ಬಲವಾದವರಿಗೆ ಕೊಡುವಂತಿಲ್ಲ, ಕೊಲೆಸ್ಟರಾಲಿಗೆ ನುಂಗುವ ಕೆಲವು ಗುಳಿಗೆಗಳ ಜೊತೆ ಸೇರುವಂತಿಲ್ಲ. ಉಗುರು ಕೆಡುವ ವಯಸ್ಸಿನಲ್ಲೇ ಬಿಪಿ, ಸಕ್ಕರೆ, ಹೃದಯದ ಗುಳಿಗೆಗಳೂ ಡಬ್ಬಿಯಲ್ಲಿ ಸೇರಿರುತ್ತವೆ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2013ರಲ್ಲಿ ಅನಗತ್ಯ ಚಿಕಿತ್ಸೆಗಳ ಪಟ್ಟಿ ಮಾಡಿದಾಗ, ಶಿಲೀಂಧ್ರ ಖಚಿತವಾಗದೆ ಉಗುರಿಗೆ ಗುಳಿಗೆ ಬರೆಯಬೇಡಿ ಎಂಬುದನ್ನು ಅದರಲ್ಲಿ ಸೇರಿಸಿತು.

ನಮಗೆ ಇನ್ನೂ ದೊಡ್ಡ ಕಾರಣವೊಂದಿದೆ. ಕಳೆದ ಒಂದು ದಶಕದಲ್ಲಿ ಭಾರತದಲ್ಲಿ ಗಜಕರ್ಣ ಸ್ವಭಾವ ಬದಲಿಸಿಕೊಂಡಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿದೊಡನೆ ಸಿಗುತ್ತಿದ್ದ, ಸ್ಟೆರಾಯ್ಡ್ ಬೆರೆಸಿದ ಕ್ರೀಮುಗಳು ತುರಿಕೆಯನ್ನು ಎರಡು ದಿನ ಅಡಗಿಸಿ ಶಿಲೀಂಧ್ರವನ್ನು ಹರಡಲು ಬಿಟ್ಟವು. ಟರ್ಬಿನಫಿನ್‌ಗೆ ಬಗ್ಗದ ತಳಿಯೊಂದು ಇಲ್ಲಿ ಹಬ್ಬಿತು. 2020ರಲ್ಲಿ ವಿಜ್ಞಾನಿಗಳು ಅದಕ್ಕೆ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ನಮ್ಮ ದೇಶವನ್ನು ಸೂಚಿಸುವ ಹೆಸರನ್ನೇ ಇಟ್ಟರು. ಅದು ಉಗುರಿಗಿಂತ ಮೈಚರ್ಮದಲ್ಲೇ ಹೆಚ್ಚು. ಆದರೂ ಪರೀಕ್ಷೆಯಿಲ್ಲದ, ಅರ್ಧಕ್ಕೇ ಬಿಟ್ಟ, ಕಾರಣವಿಲ್ಲದ ಪ್ರತಿಯೊಂದು ಕೋರ್ಸೂ ಇಂಥ ತಳಿಗಳಿಗೆ ಹಾದಿ ಮಾಡಿಕೊಡುತ್ತದೆ. ಈ ಸಂಗತಿ ನನ್ನನ್ನು ಬಹಳ ಕಳವಳಕ್ಕೆ ಈಡುಮಾಡಿದೆ.

ಹಾಗಾಗಿ ಈ ವೇದಿಕೆಯಿಂದ ಒಂದು ಬೇಡಿಕೆ ಇಡುತ್ತೇನೆ. ಕ್ಷಯದ ಕಫ ಪರೀಕ್ಷೆಗೆಂದು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೈಕ್ರೋಸ್ಕೋಪ್ ಇದೆ, ಅದರಲ್ಲಿ ನೋಡಲು ತರಬೇತಿ ಪಡೆದ ಟೆಕ್ನಿಷಿಯನ್ ಇದ್ದಾರೆ. ಕ್ಷಾರದ ಪರೀಕ್ಷೆಗೆ ಇನ್ನು ಬೇಕಾದದ್ದು ಒಂದು ಬಾಟಲಿ ದ್ರಾವಣ, ಗಾಜಿನ ಸ್ಲೈಡು, ಕೆರೆಯಲು ಬ್ಲೇಡು, ಕೆಲವು ದಿನಗಳ ತರಬೇತಿ. ಕಲ್ಚರ್ ಬೇಕಾದವರ ಮಾದರಿಯನ್ನು ಒಣ ಕಾಗದದ ಪೊಟ್ಟಣದಲ್ಲಿ ಜಿಲ್ಲೆಯ ವೈದ್ಯಕೀಯ ಕಾಲೇಜಿಗೆ ಕಳಿಸಬಹುದು. ಉಗುರು ಕೆಡುವ ಮಾದರಿಯಲ್ಲ, ಒಣಗಿದ್ದಷ್ಟೂ ಒಳ್ಳೆಯದು, ಐಸ್ ಬೇಕಿಲ್ಲ. ಸಕ್ಕರೆ ಕಾಯಿಲೆಯ ಚಿಕಿತ್ಸೆಗೆ ಬರುವವರ ಪಾದವನ್ನು ನೋಡುವಾಗ ಉಗುರನ್ನೂ ನೋಡುವ ಪದ್ಧತಿ ಬರಬೇಕು. ಸ್ಪರ್ಶ ಕಳೆದುಕೊಂಡ ಅವರ ಕಾಲಿನಲ್ಲಿ ದಪ್ಪಗಾಗಿ ಮೊನಚಾದ ಉಗುರು ಪಕ್ಕದ ಬೆರಳನ್ನು ಕೊರೆದರೂ ಅವರಿಗೆ ತಿಳಿಯುವುದಿಲ್ಲ. ಆ ಗಾಯದ ಮೂಲಕ ಬ್ಯಾಕ್ಟೀರಿಯಾ ಒಳಹೊಕ್ಕು ಕಾಲನ್ನೇ ಕಳೆದುಕೊಳ್ಳುವಷ್ಟು ಅನಾಹುತವಾಗಬಹುದು.

ಚಿಕಿತ್ಸೆ ಶುರುಮಾಡಿದವರು ಒಂದು ತಿಂಗಳಿಗೇ ಉಗುರು ನೋಡಿ 'ಏನೂ ಆಗಲಿಲ್ಲ' ಎಂದು ಬಿಟ್ಟುಬಿಡುತ್ತಾರೆ. ಕೆಟ್ಟ ಉಗುರು ರಿಪೇರಿಯಾಗುವುದಿಲ್ಲ, ಅದು ಬೆಳೆದು ಹೊರಗೆ ಹೋಗಬೇಕು. ಔಷಧ ನಿಂತ ಮೇಲೂ ಅದು ಉಗುರಿನೊಳಗೆ ತಿಂಗಳುಗಳ ಕಾಲ ಉಳಿದು ಕೆಲಸ ಮಾಡುತ್ತಿರುತ್ತದೆ. ಚಿಕಿತ್ಸೆಯ ಮೊದಲ ದಿನ ಒಳ್ಳೆಯ ಭಾಗ ಮತ್ತು ಕೆಟ್ಟ ಭಾಗ ಸೇರುವ ಗಡಿಯ ಮೇಲೆ ಅರದಿಂದ ಒಂದು ಸಣ್ಣ ಗೀರು ಹಾಕಿಸಿಕೊಳ್ಳಿ. ಗೀರು ತುದಿಯತ್ತ ಸರಿದು ಅದರ ಹಿಂದೆ ಬರುವ ಉಗುರು ತಿಳಿಯಾಗಿದ್ದರೆ ಔಷಧ ಹಿಡಿಯುತ್ತಿದೆ. ಹಳದಿ ಗೀರನ್ನು ದಾಟಿ ಬುಡದತ್ತ ಬಂದಿದ್ದರೆ ಗುಳಿಗೆಯನ್ನು ಮುಂದುವರಿಸುವ ಮುನ್ನ ಇನ್ನೊಮ್ಮೆ ಉಗುರಿನ ಚೂರು ಕೊಟ್ಟು ಪರೀಕ್ಷೆ ಮಾಡಿಸಿ. ನಿಮ್ಮಲ್ಲಿ ಪ್ರಶ್ನೆಗಳಿದ್ದರೆ ಕೇಳಿ, ಉಗುರು ತೋರಿಸಬೇಕೆನ್ನುವವರು ಸಭೆಯ ನಂತರ ಉಳಿಯಬಹುದು.